ಲಾಂಗ್ ವೀಕೆಂಡಲ್ಲಿ ಗುಡುಗು ಮಳೆ ಬಂದ್ರೆ ಮನೇಲಿ ಕೂರೋಕೆ ಬರುತ್ತಾ ನಮಗೆ?

ಮೇ ತಿಂಗಳ ಕೊನೇ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ. ಯುದ್ಧದಲ್ಲಿ ಸತ್ತ ಸೈನಿಕರನ್ನ ನೆನೆಯೋ ದಿನ, ಮುಂಚೆ ಮೇ 30ಕ್ಕೇ ಇರ್ತಿತ್ತು, 1971ರಿಂದ ಸೋಮವಾರಕ್ಕೆ ತಂದು ಕೂರಿಸಿದ್ರು, ಹಂಗಾಗಿ ವರ್ಷಾ ವರ್ಷಾ ಮೂರು ದಿನ ರಜೆ ಗ್ಯಾರಂಟಿ. ಬೇಸಿಗೆ ಶುರು ಅನ್ನೋ ಲೆಕ್ಕದಲ್ಲಿ ಈಜುಕೊಳ ತೆಗೀತಾರೆ, ಗ್ರಿಲ್ ಹೊರಗೆ ಬರುತ್ತೆ, ದೋಣಿ ಎಳ್ಕೊಂಡು ಕೆರೆ ಕಡೆ ಹೊರಡ್ತಾರೆ. ಆದ್ರೆ ನಾನಿರೋದು ಓಕ್ಲಹೋಮದಲ್ಲಿ, ಇಲ್ಲಿ ಇದೇ ಹೊತ್ತಿಗೆ ಬಿರುಗಾಳಿ ಸೀಸನ್ನು ಕೂಡ ಜೋರಾಗಿರುತ್ತೆ. ನಮ್ಮ ಪಂಚಾಂಗದ ಪ್ರಕಾರ ಕೃತ್ತಿಕಾ ಮಳೆ ಮುಗಿದು ರೋಹಿಣಿ ಹುಟ್ಟೋ ಸಮಯ, ಅಂದ್ರೆ ಅಲ್ಲಿ ತೀರ್ಥಹಳ್ಳಿಲೂ ಗುಡುಗು, ಇಲ್ಲೂ ಗುಡುಗು, ಫೋನಲ್ಲಿ ಅಮ್ಮನೂ ನಾನೂ ಒಬ್ಬರಿಗೊಬ್ಬರು ಮೋಡದ ಸುದ್ದಿ ಹೇಳ್ಕೊಂಡು ಕೂರ್ತೀವಿ.

ಈ ವಿಷಯದಲ್ಲಿ ನನ್ನದೊಂದು ಅನಿಸಿಕೆ ಇದೆ, ಬೈಯೋರು ಬೈಬಹುದು. ಗಾಳಿ ಮಳೆ ಬಂದಾಗ ರಜೆಯನ್ನ ಮನೇಲಿ ಕಳೆಯೋದು ಕೂಡ ಕಲ್ತಿರಬೇಕಾದ ಕೆಲಸ, ಅದು ಓಕ್ಲಹೋಮದವರಿಗೆ ಗೊತ್ತಿದೆ, ನಮ್ಮ ಮಲೆನಾಡಿನ ಅಜ್ಜಿಗೆ ಗೊತ್ತಿತ್ತು, ಮಧ್ಯದಲ್ಲಿ ಬಂದ ನಮ್ಮಂಥೋರಿಗೆ ಮಾತ್ರ ಗೊತ್ತಿಲ್ಲ. ಇದರಲ್ಲಿ ಬೆಂಗಳೂರಲ್ಲಿರೋರೂ ಸೇರಿದ್ರು, ಇಲ್ಲಿರೋ ಕನ್ನಡಿಗರೂ ಸೇರಿದ್ರು.

ಮೂರು ದಿನ ರಜೆ ಸಿಕ್ತು ಅಂದ್ರೆ ಹೊರಗೆ ಹೋಗಲೇಬೇಕು ಅನ್ನೋದು ನಮಗೆ ಅಂಟಿರೋ ಒಂದು ರೋಗ. ಬೆಂಗಳೂರಲ್ಲಾದ್ರೆ ಶುಕ್ರವಾರ ರಾತ್ರಿ ನೆಲಮಂಗಲ ಟೋಲಲ್ಲಿ ನಿಂತಿರ್ತೀವಿ, ಶನಿವಾರ ಬೆಳಗ್ಗೆ ಮುಳ್ಳಯ್ಯನಗಿರಿಗೆ ಹೋಗೋ ಕಾರುಗಳ ಸಾಲಲ್ಲಿ. ಇಲ್ಲಾದ್ರೆ ಡಲ್ಲಾಸ್‌ಗೆ ಮೂರು ಗಂಟೆ ಡ್ರೈವ್ ಮಾಡಿ ದೋಸೆ ತಿಂದು ದೇವಸ್ಥಾನ ನೋಡ್ಕೊಂಡು ಬರ್ತೀವಿ, ಇಲ್ಲ ಟರ್ನರ್ ಫಾಲ್ಸ್. ಹೋಟೆಲ್ ಬುಕ್ ಆಗಿದೆ, ದುಡ್ಡು ವಾಪಸ್ ಬರಲ್ಲ, ಮಳೆ ತಾನೆ ಏನಾಗುತ್ತೆ ಬನ್ರಿ. ಇದೇ ಡೈಲಾಗು ಅಲ್ಲೂ ಇಲ್ಲೂ.

ಏನಾಗುತ್ತೆ ಅಂದ್ರೆ, 2013ರ ಮೇ 20ಕ್ಕೆ ಓಕ್ಲಹೋಮ ಸಿಟಿ ಪಕ್ಕದ ಮೂರ್ ಅನ್ನೋ ಊರಿಗೆ ದೊಡ್ಡ ಸುಂಟರಗಾಳಿ ಬಡಿದು 24 ಜನ ಸತ್ರು. ಅದೇ ಭಯ ಎಲ್ಲರ ತಲೇಲಿತ್ತು, ಹಂಗಾಗಿ ಮೇ 31ರ ಸಂಜೆ ಎಲ್ ರೀನೋ ಹತ್ರ ಮತ್ತೊಂದು ಹುಟ್ಟಿದಾಗ ಸುಮಾರು ಜನ ಮನೆ ಬಿಟ್ಟು ಕಾರು ಹತ್ತಿದ್ರು, ಹೆದ್ದಾರಿಗಳೆಲ್ಲ ಜಾಮ್. ಆ ಸುಂಟರಗಾಳಿ ನಾಲ್ಕು ಕಿಲೋಮೀಟರಿಗೂ ಜಾಸ್ತಿ ಅಗಲ ಇತ್ತು, ಅಷ್ಟು ಅಗಲದ್ದು ಬೇರೆ ದಾಖಲಾಗಿಲ್ಲ. ಅದಕ್ಕೆ ಸಿಕ್ಕಿ ಸತ್ತ ಎಂಟು ಜನಾನೂ ವಾಹನದಲ್ಲಿ ಇದ್ದೋರು. ಇನ್ನು ಬೆಂಗಳೂರಲ್ಲಿ 2023ರ ಮೇ 21, ಭಾನುವಾರ ಮಧ್ಯಾಹ್ನ, ಆಲಿಕಲ್ಲು ಮಳೆ ಬಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ನೀರು ತುಂಬಿ ಕಾರೊಳಗೆ ಸಿಕ್ಕಿಹಾಕ್ಕೊಂಡ ಒಬ್ಬ ಯುವತಿ ತೀರ್ಕೊಂಡ್ರು. ಹೊರಟಿದ್ದು ಅವರ ತಪ್ಪು ಅಂತ ನಾನು ಹೇಳ್ತಿಲ್ಲ, ಅಂಥ ಮಳೇಲಿ ಆ ಅಂಡರ್‌ಪಾಸ್ ತೆರೆದಿದ್ದದ್ದೇ ತಪ್ಪು. ಆದ್ರೂ ಎಲ್ ರೀನೋದಲ್ಲೂ ಬೆಂಗಳೂರಲ್ಲೂ ಜೀವ ಹೋಗಿದ್ದು ರಸ್ತೇಲಿ ಅನ್ನೋದು ಗಮನಕ್ಕೆ ಬರ್ಬೇಕು.

ಎರಡೂ ಮಳೆ ಒಂದೇ ಅಂತಲ್ಲ. ಇಲ್ಲಿ ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ತೇವದ ಗಾಳಿ, ಪಶ್ಚಿಮದ ಮರುಭೂಮಿ ಕಡೆಯಿಂದ ಒಣ ಗಾಳಿ, ಮೇಲೆ ಜೋರು ಗಾಳಿ ಬೇರೆ ದಿಕ್ಕಿಗೆ ಬೀಸ್ತಿರುತ್ತೆ, ಹಂಗಾಗಿ ಮೋಡ ಮೋಡವೇ ತಿರುಗೋಕೆ ಶುರು ಮಾಡುತ್ತೆ. ನಮ್ಮ ಕಡೆ ಆ ತಿರುಗಾಟ ಕಮ್ಮಿ, ಬಿಸಿಲಿಗೆ ಕಾದ ನೆಲದ ಮೇಲೆ ಮೋಡ ಎದ್ದು ಅಲ್ಲೇ ಒಡೆದು ಸುರಿಯುತ್ತೆ, ಅಪಾಯ ಅಂದ್ರೆ ಸಿಡಿಲು ಮತ್ತೆ ಮರ. ಹೊತ್ತು ಮಾತ್ರ ಒಂದೇ, ಎರಡು ಕಡೆನೂ ಮಧ್ಯಾಹ್ನ ಮೂರರ ಮೇಲೆ.

ಇಲ್ಲಿನವರು ಮನೇಲಿ ಕೂರೋ ರೀತಿ ನೋಡಬೇಕು ನೀವು. ಬಿರುಗಾಳಿ ಮುನ್ಸೂಚನೆ ಕೊಡೋ ಕೇಂದ್ರ ಇರೋದೇ ಇಲ್ಲಿನ ನಾರ್ಮನ್ ಊರಲ್ಲಿ, ಅವರು ಒಂದರಿಂದ ಐದರ ತನಕ ಅಪಾಯದ ಮಟ್ಟ ಹಾಕಿ ದಿನಗಟ್ಟಲೆ ಮುಂಚೆ ನಕ್ಷೆ ಬಿಡ್ತಾರೆ, ಅಂಗಡಿ ಕೌಂಟರಲ್ಲಿ ಕೂತ ಹುಡುಗಿ ಕೂಡ ಶನಿವಾರ ಮೂರಂತೆ ಅಂತಾಳೆ, ಮೂರು ಗಂಟೆ ಅಲ್ಲ, ಮೂರನೇ ಮಟ್ಟ. ಸಂಜೆ ಲೋಕಲ್ ಟೀವಿಯವರು ಧಾರಾವಾಹಿ ಎಲ್ಲ ನಿಲ್ಲಿಸಿ ಇಂಥಾ ರಸ್ತೆ ದಾಟಿತು, ಇಂಥಾ ಕ್ರಾಸಿಗೆ ಇಷ್ಟು ಹೊತ್ತಿಗೆ ಬರುತ್ತೆ ಅಂತ ಹೆಸರು ಹಿಡಿದು ಹೇಳ್ತಾರೆ. ನಮ್ಮಲ್ಲಿ 'ರಾಜ್ಯದ ಹಲವೆಡೆ ಗುಡುಗು ಸಹಿತ ಮಳೆ' ಅಂತ ಒಂದು ಸಾಲು, ಇಡೀ ಜಿಲ್ಲೆಗೆ ಇಡೀ ದಿನ ಯೆಲ್ಲೋ ಅಲರ್ಟ್, ಅದನ್ನ ನಂಬ್ಕೊಂಡು ಯಾರು ಏನು ಮಾಡ್ಬೇಕು ಹೇಳಿ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು 'ಸಿಡಿಲು' ಅಂತ ಒಂದು ಆ್ಯಪ್ ಮಾಡಿದಾರೆ, ಒಳ್ಳೇ ಕೆಲಸ. ಆದ್ರೆ ಮಧ್ಯಾಹ್ನ ಹೊಲದಲ್ಲಿ ಕುರಿ ಕಾಯೋನ ಕೈಲಿ ಅದು ಇದ್ಯಾ?

ನಾವು ಈ ಮನೆಗೆ ಬಂದ ಹೊಸದರಲ್ಲಿ ಪಕ್ಕದ್ಮನೆ ಅಜ್ಜ ಬಂದು ಕೇಳಿದ ಮೊದಲ ಪ್ರಶ್ನೆ, ಕಿಟಕಿ ಇಲ್ಲದ ಒಳಗಿನ ಕೋಣೆ ಯಾವುದು ನಿಮ್ದು ಅಂತ. ಇಲ್ಲಿ ಎಷ್ಟೋ ಮನೆಗೆ ನೆಲಮಾಳಿಗೆ ಇಲ್ಲ, ಗರಾಜಿನ ನೆಲದೊಳಗೆ ಕಬ್ಬಿಣದ ಪೆಟ್ಟಿಗೆ ಥರ ಶೆಲ್ಟರ್ ಹಾಕಿಸ್ಕೊಂಡೋರು ಅದರೊಳಗೆ ಇಳೀತಾರೆ, ಇಲ್ಲದೋರು ಮನೆ ನಡುಮಧ್ಯದ ಕ್ಲಾಸೆಟ್ಟೋ ಬಾತ್‌ರೂಮೋ ಸೇರ್ಕೋಬೇಕು. ನಮ್ಮನೇಲಿ ಅಂಥಾ ಜಾಗ ಇರೋದು ಒಂದೇ, ಅದರಲ್ಲಿ ನನ್ನ ಹೆಂಡತಿ ದೇವರ ಮನೆ ಮಾಡಿಬಿಟ್ಟಿದ್ಲು. ಸರಿ ಅದೇ ಆಗಲಿ ಅಂದ್ರೆ ಅಜ್ಜಂದು ಎರಡನೇ ಪ್ರಶ್ನೆ, ಶೂ ಎಲ್ಲಿಡ್ತೀರಿ? ಬಾಗಿಲ ಹತ್ರ ಅಂದೆ. ಅಲ್ಲಿಟ್ರೆ ಆಗಲ್ಲ, ಮನೆ ಬಿದ್ರೆ ಗಾಜು ಮೊಳೆ ಮೇಲೆ ಬರಿಗಾಲಲ್ಲಿ ನಡೀಬೇಕಾಗುತ್ತೆ, ಒಳಗೇ ಇರ್ಬೇಕು, ಕಾಲಲ್ಲೇ ಇದ್ರೆ ಇನ್ನೂ ಒಳ್ಳೇದು ಅಂದ್ರು. ನನ್ನ ಹೆಂಡತಿ ಮುಖ ನೋಡ್ಬೇಕಿತ್ತು. ಈಗ ಸೈರನ್ ಕೂಗಿದ್ರೆ ನಾವು ಮನೆಮಂದಿಯೆಲ್ಲ ಸೈಕಲ್ ಹೆಲ್ಮೆಟ್ ಹಾಕ್ಕೊಂಡು ಶೂ ಕಟ್ಕೊಂಡು ವೆಂಕಟರಮಣನ ಮುಂದೆ ಮೊಣಕಾಲು ಮಡಚಿ ಕೂರ್ತೀವಿ, ಸ್ಪೀಕರಲ್ಲಿ ಅಮ್ಮ 'ಅರ್ಜುನ ಫಲ್ಗುಣ ಪಾರ್ಥ ಕಿರೀಟಿ' ಅಂತ ಶುರು ಮಾಡ್ತಾಳೆ, ಮಗಳು ಜೊತೆಗೆ ಹೇಳ್ತಾಳೆ, ಒಂದು ಕೈಲಿ ಫೋನಿನ ರೇಡಾರ್ ನಕ್ಷೆ. ದೇವರು ಏನೂ ಅಂದ್ಕೊಂಡಿಲ್ಲ ಅಂತ ನಂಬಿದೀನಿ.

ಮಲೆನಾಡಿನ ತಯಾರಿ ಬೇರೆ ಥರ, ಆದ್ರೆ ತಯಾರಿ ತಯಾರಿನೇ. ರೋಹಿಣಿ ಹುಟ್ಟೋ ಹೊತ್ತಿಗೆ ಸೌದೆ ಎಲ್ಲ ಕೊಟ್ಟಿಗೆ ಸೇರಿರ್ಬೇಕು, ಹಲಸಿನ ಹಪ್ಪಳ ಒಣಗಿ ಡಬ್ಬಿಗೆ ಹೋಗಿರ್ಬೇಕು, ಮಾಡಿನ ಹೆಂಚು ಕೈಯಾಡಿಸಿ ಸರಿ ಮಾಡಿರ್ಬೇಕು, ಮನೆ ಮೇಲೆ ಬಾಗಿದ ಕೊಂಬೆ ಕಡಿಸಿರ್ಬೇಕು. ಪಶ್ಚಿಮದಲ್ಲಿ ಕಪ್ಪಾಯ್ತು ಅಂದ್ರೆ ಅಜ್ಜಿ ಮೊದಲು ಮಾಡ್ತಿದ್ದದ್ದು ಟೀವಿ ಪ್ಲಗ್ ಕಿತ್ತು, ಲ್ಯಾಂಡ್‌ಲೈನ್ ವೈರ್ ಕಿತ್ತು, ಅಂಗಳದಲ್ಲಿ ಆಡ್ತಿದ್ದ ನಮ್ಮನ್ನ ಹೆಸರು ಹಿಡಿದು ಕೂಗಿ ಎಣಿಸೋದು. ಕತ್ತಿ ತಂದು ಅಂಗಳಕ್ಕೆ ಎಸೀತಿದ್ರು, ಸಿಡಿಲು ಅದಕ್ಕೆ ಹೊಡೀಲಿ ಅಂತ, ಅದು ಕೆಲಸಕ್ಕೆ ಬರಲ್ಲ ಬಿಡಿ. ಆದ್ರೆ ಮಕ್ಕಳು ಒಳಗೆ ಬಂದ್ವಾ ಅನ್ನೋ ಎಣಿಕೆ ಇತ್ತಲ್ಲ, ಓಕ್ಲಹೋಮದ ಕೈಪಿಡಿಲಿ ಇರೋದೂ ಅದೇನೇ. ಕರೆಂಟ್ ಹೋದ್ಮೇಲೆ ಎರಡು ದಿನ ಬರಲ್ಲ ಅಂತ ಎಲ್ಲರಿಗೂ ಗೊತ್ತಿರ್ತಿತ್ತು, ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ, ಕೆಂಡದ ಮೇಲೆ ಹಪ್ಪಳ ಸುಡ್ತಾ ಇಸ್ಪೀಟು ಆಡ್ತಾ ಕೂರ್ತಿದ್ವಿ.

ಒಂದು ವಿಷಯದಲ್ಲಿ ಮಾತ್ರ ನಾನು ನಮ್ಮ ಕಡೆಗೇ ವೋಟು ಹಾಕೋದು. ಇಲ್ಲಿ ಮಳೇನ ಖುಷಿಯಿಂದ ನೋಡೋರು ಕಮ್ಮಿ. ಆಲಿಕಲ್ಲು ಬಿದ್ರೆ ಊರಲ್ಲಿ ಮಕ್ಕಳು ಪಾತ್ರೆ ಹಿಡ್ಕೊಂಡು ಅಂಗಳಕ್ಕೆ ಓಡ್ತಾರೆ, ಇಲ್ಲಿ ಗಾಲ್ಫ್ ಬಾಲ್ ಸೈಜೋ ಬೇಸ್‌ಬಾಲ್ ಸೈಜೋ ಅಂತ ಅಳೀತಾ ಕಾರಿನ ಗಾಜಿನ ಚಿಂತೆ ಮಾಡ್ತಾರೆ. ತಪ್ಪೇನಿಲ್ಲ, ಬೇಸ್‌ಬಾಲ್ ಸೈಜಿನದಕ್ಕೆ ಪಾತ್ರೆ ಹಿಡಿಯೋಕಾಗಲ್ಲ. ಆದ್ರೆ ಬಿರುಗಾಳಿ ಪಕ್ಕಕ್ಕೆ ಸರಿದು ಬರೀ ಮಳೆ ಉಳಿದಾಗಲೂ ಯಾರೂ ಹೊರಗೆ ಕುರ್ಚಿ ಹಾಕಲ್ಲ, ಮಂಗಳವಾರ ಬೆಳಗಾಗ್ತಿದ್ದಂಗೆ ಛಾವಣಿ ರಿಪೇರಿಯೋರು ಇನ್ಶೂರೆನ್ಸ್ ಕ್ಲೇಮ್ ಮಾಡ್ಸೋಣ ಬನ್ನಿ ಅಂತ ಬಾಗಿಲು ಬಡೀತಾರೆ, ಮಳೆ ಕಥೆ ಅಲ್ಲಿಗೆ ಮುಗೀತು.

ಅದಕ್ಕೆ ಈ ಸಲ ನಮ್ಮ ಕನ್ನಡದ ಗೆಳೆಯರಿಗೆ ಟ್ರಿಪ್ಪಿಗೆ ಬರಲ್ಲ ಅಂತ ಮೊದಲೇ ಹೇಳಿಬಿಟ್ಟಿದೀನಿ. ಭಾನುವಾರ ನಮ್ಮನೇಲೇ ಬಿಸಿಬೇಳೆಬಾತು, ಬೋಂಡ, ಇಸ್ಪೀಟು. ಬರೋರು ಮಧ್ಯಾಹ್ನ ಎರಡರೊಳಗೆ ಬಂದ್ಬಿಡಿ, ರೇಡಾರಲ್ಲಿ ಪಶ್ಚಿಮ ಕೆಂಪಾಗಿದ್ರೆ ನಿಮ್ಮನೇಲೇ ಇರಿ, ಬೋಂಡ ಮುಂದಿನ ವಾರ ಕರಿದುಕೊಡ್ತೀವಿ. ಸುಮ್ನೆ ಗುಡುಗು ಮಳೆ ಆದ್ರೆ ಮೋಡ ದಾಟೋ ತನಕ ಯಾರನ್ನೂ ಹೊರಡೋಕೆ ಬಿಡಲ್ಲ. ಗರಾಜಲ್ಲಿ ಒಂದೇ ಕಾರಿಗೆ ಜಾಗ ಇರೋದು, ಅದು ನಂದು. ಶೂ ಮಾತ್ರ ಬಾಗಿಲ ಹತ್ರ ಬಿಡಬೇಡಿ, ಒಳಗೆ ತನ್ನಿ, ನನ್ನ ಹೆಂಡತಿ ಈಗ ಏನೂ ಅನ್ನಲ್ಲ.