ಬಿರ್ಗು ನೋಡದೆ ಮಾಲ್ಟಾದಿಂದ ಹೊರಡಬೇಡಿ

ಇವತ್ತು ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಅಕ್ಕನ ಮಗಳು, ಅವಳ ಗಂಡ ಮೈಸೂರಿನಿಂದ ಇಲ್ಲಿಗೆ, ಮಾಲ್ಟಾ ದ್ವೀಪಕ್ಕೆ ಬಂದಿದ್ದಾರೆ. ನನಗೆ ರಜೆ ಸಿಗಲಿಲ್ಲ ಅಂತ ಒಂದು ದಿನದ ಟೂರ್ ಬಸ್ಸಿಗೆ ಹತ್ತಿಸಿದ್ದೆ. ಸಂಜೆ ಬಂದು ಫೋಟೋ ತೋರಿಸಿದರು. ಹಳೇ ರಾಜಧಾನಿ ಎಮ್ದೀನಾದ ಹೆಬ್ಬಾಗಿಲು, ಎಮ್ದೀನಾದ ಓಣಿ, ಮತ್ತೆ ಎಮ್ದೀನಾ. "ಬಿರ್ಗು ಎಲ್ಲಿ?" ಅಂದೆ. "ಅದನ್ನ ದೂರದಿಂದಲೇ ತೋರಿಸಿದರು ಚಿಕ್ಕಮ್ಮ. ಎರಡೂ ಕೋಟೆ ಊರೇ, ಒಂದು ನೋಡಿದರೆ ಸಾಕು ಅಂದರು ಗೈಡ್."

ಒಂದು ನೋಡಿದರೆ ಸಾಕಂತೆ!

ಎಮ್ದೀನಾ ಇರುವುದು ದ್ವೀಪದ ನಡುವೆ, ಗುಡ್ಡದ ಮೇಲೆ. ಕಡಲಿನಿಂದ ಬರುವ ಶತ್ರುಗಳಿಗೆ ದೂರವಾಗಿರಲಿ ಅಂತ. ಅರಬ್ಬರು ಇಟ್ಟ ಹೆಸರು, 'ಊರು' ಅಂತಲೇ ಅರ್ಥ. ಬಿರ್ಗು ಅದಕ್ಕೆ ಪೂರ್ತಿ ತಿರುಗಾ ಮುರುಗಾ. ಮೂರು ಕಡೆ ನೀರು. 1530ರಲ್ಲಿ ಸೇಂಟ್ ಜಾನ್ ಅನ್ನುವ ಕ್ರೈಸ್ತ ಯೋಧರ ಪಂಥದ ನೈಟ್‌ಗಳು ಮಾಲ್ಟಾಕ್ಕೆ ಬಂದಾಗ ರಾಜಧಾನಿಯಾಗಿದ್ದ ಎಮ್ದೀನಾದಲ್ಲಿ ಉಳಿಯಲಿಲ್ಲ. ಅವರದು ಹಡಗಿನ ಬದುಕು. ಬಂದರಿನ ಪಕ್ಕದ ಬಿರ್ಗುವಿನಲ್ಲೇ ಮನೆ ಮಾಡಿದರು. ಒಂದು ಊರು ಕಡಲಿಗೆ ಹೆದರಿ ಕಟ್ಟಿದ್ದು, ಇನ್ನೊಂದು ಕಡಲನ್ನೇ ನಂಬಿದ್ದು. ಇವೆರಡೂ ಒಂದೇ ಹೇಗಾಗುತ್ತವೆ?

ಎಮ್ದೀನಾ ಜಾಸ್ತಿ ಚೆಂದ ಅಲ್ವಾ ಅಂತ ನೀವು ಕೇಳಬಹುದು. ಚೆಂದವೇ. 1693ರ ಭೂಕಂಪದ ನಂತರ ವಾಸ್ತುಶಿಲ್ಪಿ ಲೊರೆಂಜೊ ಗಫಾ ಮತ್ತೆ ಕಟ್ಟಿದ ಕೆಥೆಡ್ರಲ್ ಇದೆ, 1724ರ ಹೆಬ್ಬಾಗಿಲಿದೆ, ಕೋಟೆ ಗೋಡೆಯ ಮೇಲೆ ನಿಂತರೆ ಅರ್ಧ ದ್ವೀಪ ಕಾಣುತ್ತದೆ. ಆದರೆ ಒಳಗೆ ವಾಸ ಇರುವವರು 300 ಜನರೂ ಇಲ್ಲ. ಬಿರ್ಗುವಿನಲ್ಲಿ 2,000ಕ್ಕೂ ಹೆಚ್ಚು ಜನ ಇದ್ದಾರೆ. ಓಣಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಮಕ್ಕಳ ಗಲಾಟೆ ಇರುತ್ತದೆ. ಚೆಂದ ಅನ್ನುವುದೊಂದೇ ಕಾರಣವಾದರೆ ನಾನು ಒಪ್ಪುವುದಿಲ್ಲ.

ಒಂದು ಮಾತು ಹೇಳಲೇಬೇಕು. ಇಲ್ಲಿಗೆ ಬಂದ ಮೊದಲ ಎರಡು ವರ್ಷ ನಾನೂ ಬಿರ್ಗುವಿಗೆ ಕಾಲಿಟ್ಟಿರಲಿಲ್ಲ. ಊರಿನಿಂದ ಬಂದವರನ್ನೆಲ್ಲ ಎಮ್ದೀನಾಕ್ಕೆ ಕರೆದೊಯ್ದು, ಹೊರಗಿನ ರಬಾತ್‌ನಲ್ಲಿ ಬಟಾಣಿ ಹೂರಣದ ಪಾಸ್ತಿಟ್ಸಿ ತಿನ್ನಿಸಿ ಕಳಿಸುತ್ತಿದ್ದೆ. ಆಮೇಲೆ ಒಂದು ಜನವರಿ ಬೆಳಿಗ್ಗೆ, ಮನೆಯ ನೆನಪು ತುಂಬಾ ಕಾಡುತ್ತಿದ್ದ ದಿನ, ಸುಮ್ನೆ ಈಗಿನ ರಾಜಧಾನಿ ವಲೆಟ್ಟಾದಿಂದ ದೋಣಿ ಹತ್ತಿ ಬಿರ್ಗುವಿಗೆ ಹೋದೆ. ಒಬ್ಬ ಅಜ್ಜಿ ಮಹಡಿಯ ಮೇಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದರು. ಕೆಳಗಿದ್ದವನು ಬ್ರೆಡ್ ಹಾಕಿದ. ಬುಟ್ಟಿ ಮೇಲೆ ಹೋಯಿತು. ಅಜ್ಜಿ ನನ್ನ ಕಡೆ ನೋಡಿ ನಕ್ಕರು. ಕಣ್ಣು ತುಂಬಿ ಬಂತು.

ಅವತ್ತು ಇನ್‌ಕ್ವಿಸಿಟರ್, ಅಂದರೆ ಧರ್ಮದ್ರೋಹದ ವಿಚಾರಣೆ ಮಾಡುತ್ತಿದ್ದ ಚರ್ಚ್ ಅಧಿಕಾರಿಯ ಅರಮನೆಯ ಸೆರೆಕೋಣೆಯನ್ನೂ ನೋಡಿದೆ. ಕೈದಿಗಳು ಗೋಡೆಯ ಮೇಲೆ ಗೀರಿದ ಚಿತ್ರಗಳು ಇನ್ನೂ ಇವೆ. ಅದರ ಮುಂದೆ ನಿಂತವರು ಯಾರೂ ಒಂದು ನೋಡಿದರೆ ಸಾಕು ಅನ್ನಲಾರರು.

ಗೈಡ್ ಆದವರಿಗೆ 1565 ಗೊತ್ತಿರಲೇಬೇಕು. ಆ ಬೇಸಿಗೆ ತುರ್ಕಿಯ ಒಟ್ಟೋಮನ್ ಸೈನ್ಯ ದ್ವೀಪವನ್ನು ಮುತ್ತಿತ್ತು. ಆಗಸ್ಟ್ 7ರಂದು ಬಿರ್ಗು ಮತ್ತು ಎದುರಿನ ಸೆಂಗ್ಲಿಯಾದ ಮೇಲೆ ದೊಡ್ಡ ದಾಳಿ. ಇನ್ನೇನು ಗೋಡೆ ಕೈಬಿಟ್ಟುಹೋಯಿತು ಅನ್ನುವಾಗ ಎಮ್ದೀನಾದಿಂದ ಹೊರಟ ಕುದುರೆ ಸವಾರರು ಒಟ್ಟೋಮನ್ನರ ಡೇರೆಗಳ ಮೇಲೆ ಬಿದ್ದರು. ನೈಟ್‌ಗಳ ನೆರವಿಗೆ ಸಿಸಿಲಿಯಿಂದ ದೊಡ್ಡ ಸೈನ್ಯವೇ ಬಂತು ಅಂದುಕೊಂಡು ದಾಳಿ ಮಾಡುತ್ತಿದ್ದವರು ಹಿಂದೆ ಸರಿದರು. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು. ಬಿರ್ಗುವಿಗೆ ವಿತ್ತೊರಿಯೋಸಾ, ಅಂದರೆ ಗೆದ್ದ ಊರು ಅಂತ ಹೆಸರು ಬಂತು. ಆ ಊರು ಉಳಿದದ್ದರಲ್ಲಿ ಎಮ್ದೀನಾದ ಪಾಲೂ ಇದೆ. ಬಿರ್ಗು ನೋಡದೆ ಎಮ್ದೀನಾದ ಕಥೆಯಾದರೂ ಎಲ್ಲಿ ಪೂರ್ತಿಯಾಗುತ್ತದೆ?

ಭಾನುವಾರ ನನಗೆ ರಜೆ ಇದೆ. ಮಕ್ಕಳಿಬ್ಬರನ್ನೂ ಬೆಳಿಗ್ಗೆ ಎಂಟಕ್ಕೇ ದೋಣಿ ಹತ್ತಿಸುತ್ತೇನೆ. ಆ ಅಜ್ಜಿಯ ಓಣಿ ನನಗೆ ಚೆನ್ನಾಗಿ ನೆನಪಿದೆ.