ಜ್ವಾಲಾಮುಖಿಯ ಪುರುಸೊತ್ತು

ನಮ್ಮ ಮನೆಯಲ್ಲಿ ಪ್ರವಾಸ ಎಂದರೆ ಇಷ್ಟರ ತನಕ ಎರಡೇ ಬಗೆ. ಮದುವೆಗೆ ಹೋದವರು ಹಾಗೇ ಒಂದು ದೇವಸ್ಥಾನ ನೋಡಿಕೊಂಡು ಬರುವುದು. ಇಲ್ಲವೇ ದೇವಸ್ಥಾನಕ್ಕೆ ಹೋದವರು ಹಾಗೇ ನೆಂಟರ ಮನೆಯಲ್ಲಿ ಊಟ ಮಾಡಿಕೊಂಡು ಬರುವುದು. ಹಾಗಾಗಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗಳು ಫೋನಿನಲ್ಲಿ, "ಅಮ್ಮ, ಬರುವ ವರ್ಷ ನಿಮ್ಮ ಮದುವೆಗೆ ಇಪ್ಪತ್ತೈದು ಆಗ್ತದಲ್ಲ, ಒಂದು ಜ್ವಾಲಾಮುಖಿ ದ್ವೀಪಕ್ಕೆ ಹೋಗುವ" ಎಂದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ.

ಅತ್ತೆಗೆ ಅರ್ಥವಾಯಿತು, ಆದರೆ ಬೇರೆ ಥರ. "ಜ್ವಾಲಾಮುಖಿಯಾ? ಅದು ಹಿಮಾಚಲದಲ್ಲಲ್ವಾ? ದೇವಿ ದೇವಸ್ಥಾನ. ಒಳ್ಳೆದಾಯ್ತು, ಹೋಗಿ ಬನ್ನಿ" ಎಂದರು. ಹಿಮಾಚಲದ ಆ ಗುಡಿಯಲ್ಲಿ ಬಂಡೆಯ ಬಿರುಕಿನಿಂದ ಗ್ಯಾಸ್ ಬಂದು ತನ್ನಷ್ಟಕ್ಕೆ ಉರಿಯುತ್ತದೆ. ಆ ಜ್ವಾಲೆಯೇ ದೇವಿ. ಇದು ಅದಲ್ಲ, ಇಲ್ಲಿ ಗುಡ್ಡವೇ ಬೆಂಕಿ ಉಗುಳುವುದು ಎಂದು ವಿವರಿಸಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಹೇಳಿದರು, "ಬೆಂಕಿ ನೋಡ್ಲಿಕ್ಕೆ ವಿಮಾನ ಹತ್ತಬೇಕಾ ಮಾರಾಯ್ತಿ? ಇಲ್ಲಿ ಬಚ್ಚಲೊಲೆಗೆ ನಾಲ್ಕು ಮಡಲು ನೂಕ್ಲಿಕ್ಕೆ ಒಬ್ಬರಿಗೂ ಪುರುಸೊತ್ತಿಲ್ಲ."

ಅವರು ನನ್ನನ್ನು ಚುಚ್ಚಲಿಕ್ಕೆ ಹೇಳಿದ್ದು ಹೌದು. ಆದರೆ ಇಡೀ ವಿಷಯದ ಬುಡ ಇದ್ದದ್ದು ಆ ಒಂದು ಮಾತಿನಲ್ಲೇ. ಪುರುಸೊತ್ತು.

ಮಗಳು ಎಕ್ಸೆಲ್ ಶೀಟ್ ಮಾಡಿ ಕಳಿಸಿದಳು. ಇವರು ಬ್ಯಾಂಕಿನವರು, ಶೀಟ್ ಕಂಡರೆ ಕಣ್ಣು ಅರಳುತ್ತದೆ. ಸಂಜೆ ಕಾಫಿ ಹಿಡಿದು ಕೂತರೆ ರಾತ್ರಿ ಊಟದ ತನಕ ದ್ವೀಪ ದ್ವೀಪ ಸುತ್ತುತ್ತಿದ್ದರು, ಉಡುಪಿ ಕುಂಜಿಬೆಟ್ಟಿನ ನಮ್ಮ ಜಗಲಿ ಬಿಟ್ಟು ಅಲ್ಲಾಡದೆ. ಮೊದಲು ಬಂದದ್ದು ಐಸ್‌ಲ್ಯಾಂಡ್. ಖರ್ಚಿನ ಕಾಲಂ ನೋಡಿ ಇವರು ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ನೋಡಿದರೂ ಸೊನ್ನೆಗಳು ಕಡಿಮೆಯಾಗಲಿಲ್ಲ. 2010ರ ಏಪ್ರಿಲಿನಲ್ಲಿ ಅಲ್ಲಿಯ ಒಂದು ಜ್ವಾಲಾಮುಖಿ ಬೂದಿ ಉಗುಳಿ ಯೂರೋಪಿನ ವಿಮಾನಗಳನ್ನೆಲ್ಲ ನೆಲಕ್ಕೆ ಕೂರಿಸಿದ್ದು ನನಗೂ ನೆನಪಿತ್ತು. ಅದರ ಹೆಸರು ಹೇಳಲು ಟಿವಿಯವರು ಪಟ್ಟ ಪಾಡು ಅದಕ್ಕಿಂತ ಚೆನ್ನಾಗಿ ನೆನಪಿತ್ತು.

ಆಮೇಲೆ ಸ್ಪೇನಿನವರ ಲಾಂಝರೋಟೆ. ಅಲ್ಲಿ 1730ರಲ್ಲಿ ಉಗುಳಲು ಶುರುವಾದದ್ದು 1736ರ ತನಕ ನಿಲ್ಲಲಿಲ್ಲವಂತೆ. ಆರು ವರ್ಷ! ಊರಿಗೆ ಊರೇ ಮುಚ್ಚಿಹೋಯಿತು. ಆದರೆ ಜನ ಹಟ ಬಿಡಲಿಲ್ಲ. ಬೂದಿಯಲ್ಲಿ ಗುಂಡಿ ತೋಡಿ, ಗಾಳಿಗೆ ಅಡ್ಡವಾಗಿ ಅರ್ಧ ಚಂದ್ರದ ಹಾಗೆ ಕಲ್ಲು ಕಟ್ಟಿ, ಒಂದೊಂದು ಗುಂಡಿಯಲ್ಲಿ ಒಂದೊಂದು ದ್ರಾಕ್ಷಿ ಬಳ್ಳಿ ನೆಟ್ಟರು. ರಾತ್ರಿಯ ಇಬ್ಬನಿಯನ್ನು ಬೂದಿ ಹೀರಿ ಬೇರಿಗೆ ಕೊಡುತ್ತದೆ. ಇದನ್ನು ಓದಿ ನನಗೆ ತುಂಬ ಖುಷಿಯಾಯಿತು. ನಾವೂ ಬಸಳೆ ಬುಡಕ್ಕೆ ಒಲೆಯ ಬೂದಿ ಹಾಕುವವರೇ ಅಲ್ವಾ. ಅಲ್ಲೇ ಒಂದು ಹೋಟೆಲಿದೆ. ಒಲೆ ಇಲ್ಲ, ನೆಲದೊಳಗಿಂದ ಬರುವ ಬಿಸಿಯ ಮೇಲೇ ಕೋಳಿ ಸುಟ್ಟು ಕೊಡುತ್ತಾರೆ. "ನಾವು ಹೋದ್ರೆ ಎಂತ ತಿನ್ನುವುದು?" ಎಂದರು ಇವರು. ಒಂದು ಮಟ್ಟುಗುಳ್ಳ ಬದನೆ ಕಟ್ಟಿಕೊಂಡು ಹೋದರಾಯಿತು, ಸುಟ್ಟು ಕೊಟ್ಟರೆ ಗೊಜ್ಜಿಗೆ ಒಗ್ಗರಣೆ ಮಾತ್ರ ಬಾಕಿ, ಎಂದೆ ನಾನು. ಆದರೆ ವಿಮಾನದ ಟಿಕೆಟ್ ದರದಲ್ಲಿ ಗುಳ್ಳ ಬಹಳ ದುಬಾರಿ ಬೀಳುತ್ತಿತ್ತು.

ಇವರ ದೇಶಾಭಿಮಾನ ಎಚ್ಚರವಾಗುವುದು ಹೆಚ್ಚಾಗಿ ಖರ್ಚಿನ ಹೊತ್ತಿಗೆ. "ನಮ್ಮದೇ ಒಂದು ಉಂಟಲ್ಲ, ಅಂಡಮಾನಿನಲ್ಲಿ" ಎಂದರು. ಉಂಟು. ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರಿನಿಂದ ಅಂದಾಜು 140 ಕಿಲೋಮೀಟರ್. ದೇಶದಲ್ಲಿ ಜೀವ ಇರುವ ಜ್ವಾಲಾಮುಖಿ ಅದೊಂದೇ. ಒಂದೂವರೆ ಶತಮಾನಕ್ಕೂ ಜಾಸ್ತಿ ತೂಕಡಿಸಿ 1991ರಲ್ಲಿ ಎದ್ದು ಕೂತ ಆಸಾಮಿ. ಆದರೆ ಅಲ್ಲಿ ಇಳಿಯಲು ಬಿಡುವುದಿಲ್ಲ, ಹಡಗಿನಲ್ಲೇ ನಿಂತು ದೂರದಿಂದ ನೋಡಬೇಕು. ಇಳಿಯದೆ ನೋಡಿ ಬರುವುದಕ್ಕೆ ಪ್ರವಾಸ ಎನ್ನುತ್ತಾರಾ ಎಂದು ಮಗಳು ಕೇಳಿದಳು. ಇವರ ಆಫೀಸಿನ ಎಲ್ಲಾ ಟೂರೂ ಹಾಗೇ ಇತ್ತು. ಹೇಳಲು ಹೋಗಲಿಲ್ಲ.

ಕೊನೆಗೆ ಇಂಡೋನೇಷ್ಯಾದ ಬಾಲಿ ನಿಂತಿತು. ಎಲ್ಲರೂ ಹೋಗುವಲ್ಲಿಗೇ ನಾವೂ ಹೋಗುವುದು, ನಮ್ಮ ಧೈರ್ಯ ಅಷ್ಟೇ. ಅಲ್ಲಿ ಜೀವ ಇರುವ ಜ್ವಾಲಾಮುಖಿ ಎರಡು. ದೊಡ್ಡದು ಅಗುಂಗ್, 3,000 ಮೀಟರಿಗೂ ಎತ್ತರ. ಅದರ ಮೈಮೇಲೆಯೇ ಬೆಸಾಕಿ ಎಂಬ ಅವರ ದೊಡ್ಡ ದೇವಸ್ಥಾನ. 1963ರಲ್ಲಿ ಅಗುಂಗ್ ಸಿಡಿದಾಗ ಸಾವಿರಕ್ಕೂ ಜಾಸ್ತಿ ಜನ ಸತ್ತರು. ಲಾವಾ ಬೆಸಾಕಿಯ ಪಕ್ಕದಿಂದಲೇ ಇಳಿದು ಹೋಯಿತು, ದೇವಸ್ಥಾನ ಉಳಿಯಿತು. ಇದನ್ನು ಹೇಳಿದ ಮೇಲೆ ಅತ್ತೆಗೆ ಬಾಲಿಯ ಮೇಲೆ ಒಂದು ಚೂರು ಗೌರವ ಬಂತು. ಸಣ್ಣದು ಬಾತೂರ್. ಬೆಳಗಿನ ಜಾವ ಕತ್ತಲಲ್ಲಿ ಟಾರ್ಚ್ ಹಿಡಿದು ಹತ್ತಿ ಸೂರ್ಯೋದಯ ನೋಡುವುದು. ತುದಿಯಲ್ಲಿ ಬಂಡೆಯ ಸಂದಿಯಿಂದ ಹಬೆ ಬರುತ್ತದಂತೆ. ಕರೆದುಕೊಂಡು ಹೋದವರು ಆ ಹಬೆಯಲ್ಲಿ ಮೊಟ್ಟೆ, ಬಾಳೆಹಣ್ಣು ಬೇಯಿಸಿ ತಿಂಡಿಗೆ ಕೊಡುತ್ತಾರೆ. ಭೂಮಿಯ ಹೊಟ್ಟೆಯೊಳಗಿನ ಅಷ್ಟೆಲ್ಲ ರಂಪ ಕೊನೆಗೆ ಒಂದು ಬೇಯಿಸಿದ ಬಾಳೆಹಣ್ಣಾಗಿ ಕೈಗೆ ಬರುವುದು ನನಗೆ ಬಹಳ ಹಿಡಿಸಿತು.

ಜಾಗ ಆಯಿತು. ಪುರುಸೊತ್ತು ಶುರುವಾದದ್ದು ಆಮೇಲೆ.

2026ರ ಜನವರಿ ಆಗುವುದಿಲ್ಲ, 18ಕ್ಕೆ ಕೃಷ್ಣ ಮಠದ ಪರ್ಯಾಯ. ಪರ್ಯಾಯದ ಹೊತ್ತಿಗೆ ಉಡುಪಿಯವರು ಊರು ಬಿಟ್ಟರೆ ನೆಂಟರಿಗೆ ಬಾಗಿಲು ತೆಗೆಯುವವರು ಯಾರು? ಮಾರ್ಚ್ ಇವರಿಗೆ ಲೆಕ್ಕ ಮುಗಿಸುವ ತಿಂಗಳು. ಆದರೂ ಯುಗಾದಿಯ ರಜೆಗೆ ಹೊಂದಿಸುವ ಎಂದು ಮಗಳು ತಾರೀಕು ನೋಡಿದಳು. ಮಾರ್ಚ್ 19. ಅದೇ ದಿನ ಬಾಲಿಯವರಿಗೂ ಹೊಸ ವರ್ಷ. ಅವರದ್ದೂ ಶಕ ವರ್ಷವೇ, ನಮ್ಮ ಪಂಚಾಂಗದಲ್ಲಿ ಇರುವ ಹಾಗೆ. ಆದರೆ ಆಚರಣೆ ತಿರುಗಾಮುರುಗ. ನ್ಯೇಪಿ ಎನ್ನುತ್ತಾರೆ. ಆ ದಿನ ಬೆಂಕಿ ಹಚ್ಚುವ ಹಾಗಿಲ್ಲ, ಕೆಲಸ ಮಾಡುವ ಹಾಗಿಲ್ಲ, ಹೊರಗೆ ತಿರುಗುವ ಹಾಗಿಲ್ಲ, ಮೋಜು ಮಾಡುವ ಹಾಗಿಲ್ಲ. ವಿಮಾನ ನಿಲ್ದಾಣವೂ ಇಡೀ ದಿನ ಬಂದ್. ಪ್ರವಾಸಿಗಳೂ ಹೋಟೆಲಿನೊಳಗೇ ಕೂರಬೇಕು. ಬೆಂಕಿ ಗುಡ್ಡದ ಊರಿನಲ್ಲಿ ವರ್ಷಕ್ಕೊಂದು ದಿನ ಬೆಂಕಿಗೇ ರಜೆ. ಅಷ್ಟು ದುಡ್ಡು ಸುರಿದು ಹೋಗಿ ಕೋಣೆಯಲ್ಲಿ ದೀಪ ಆರಿಸಿ ಕೂರುವುದು, ಬೇವು ಬೆಲ್ಲವೂ ಇಲ್ಲದೆ! ಬೇಡ ಎಂದಾಯಿತು.

ಹಾಗಾದರೆ ಜುಲೈ. ಬಾಲಿ ಭೂಮಧ್ಯರೇಖೆಯಿಂದ ಕೆಳಗೆ. ನಮ್ಮಲ್ಲಿ ಹೆಂಚು ಸೋರುವ ಹೊತ್ತಿಗೆ ಅಲ್ಲಿ ಒಣ ಹವೆ. ಮಗಳಿಗೂ ರಜೆ ಸಿಗುತ್ತದೆ. ಎಲ್ಲ ಸರಿ ಎನ್ನುವಾಗ ಅತ್ತೆ ಒಳಗಿಂದಲೇ ಕೇಳಿದರು, "ಆಟಿಯಲ್ಲಿ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ? ಅಮಾಸೆಯ ಕಷಾಯ ಯಾರು ಕುಡಿಯುವುದು?" ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಇದಕ್ಕೆ ಶೀಟಿನಲ್ಲಿ ಕಾಲಂ ಇರಲಿಲ್ಲ.

ಇಷ್ಟೆಲ್ಲ ಆದಮೇಲೆ ನನಗೆ ಹೊಳೆಯಿತು. ಮಗಳ ರಜೆ, ಇವರ ಲೆಕ್ಕ, ಅತ್ತೆಯ ಆಟಿ, ಬಾಲಿಯವರ ಮೌನ, ಎಲ್ಲರ ಪುರುಸೊತ್ತೂ ಕೇಳಿದೆವು. ಜ್ವಾಲಾಮುಖಿಯದ್ದು ಕೇಳಲಿಲ್ಲ. 2017ರ ನವೆಂಬರಿನಲ್ಲಿ ಅಗುಂಗ್ ಬೂದಿ ಉಗುಳಿ ಬಾಲಿಯ ವಿಮಾನ ನಿಲ್ದಾಣ ಎರಡು ದಿನಕ್ಕೂ ಜಾಸ್ತಿ ಮುಚ್ಚಿತ್ತು. 2024ರ ನವೆಂಬರಿನಲ್ಲಂತೂ ಬಾಲಿಯ ಗುಡ್ಡಗಳು ಸುಮ್ಮನೇ ಇದ್ದವು. ಉಗುಳಿದ್ದು ಎಷ್ಟೋ ದೂರದ ಫ್ಲೋರೆಸ್ ದ್ವೀಪದ್ದು. ಅಲ್ಲಿ ಲೆವೊಟೊಬಿ ಎಂಬ ಜೋಡಿ ಗುಡ್ಡಗಳಿವೆ. ಒಂದರ ಹೆಸರು ಲಕಿ-ಲಕಿ, ಅಂದರೆ ಗಂಡಸು. ಇನ್ನೊಂದು ಪೆರೆಂಪುವಾನ್, ಹೆಂಗಸು. ರಂಪ ಮಾಡಿದ್ದು ಗಂಡಸು, ವಿಮಾನ ರದ್ದಾದದ್ದು ಬಾಲಿಗೆ. ನಾನು ಇವರ ಮುಖ ನೋಡಿದೆ. ಇವರು ಶೀಟ್ ನೋಡಿದರು.

ಬೂದಿ ಎಂದರೆ ನಮ್ಮ ಒಲೆಯ ಬೂದಿಯಲ್ಲ. ಅದು ಕಲ್ಲಿನ, ಗಾಜಿನ ನಯವಾದ ಪುಡಿ. ವಿಮಾನದ ಎಂಜಿನಿನ ಬಿಸಿಗೆ ಕರಗುತ್ತದೆ, ಒಳಗೆ ಹೋಗಿ ಮತ್ತೆ ಗಟ್ಟಿಯಾಗಿ ಅಂಟುತ್ತದೆ. ವಿಮೆ ಮಾಡಿಸುವ ಎಂದರೆ ಅಲ್ಲೂ ಒಂದು ಸಣ್ಣ ಅಕ್ಷರದ ಸಾಲು. ಉಗುಳಿದ ಸುದ್ದಿ ಬಂದ ಮೇಲೆ ಮಾಡಿಸಿದ ವಿಮೆಯಲ್ಲಿ ಅದರ ನಷ್ಟಕ್ಕೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಮೊದಲೇ ಮಾಡಿಸಬೇಕು, ಗುಡ್ಡ ಶಾಂತವಾಗಿರುವಾಗ. ಶಾಂತವಾಗಿರುವಾಗ ಅದಕ್ಕೆಂತ ದಂಡ ಎನ್ನುವ ಜಾತಿ ನಮ್ಮದು.

ನಿಜ ಹೇಳಬೇಕೆಂದರೆ ನಮಗೆ ಬೇಕಾದ ಜ್ವಾಲಾಮುಖಿ ಜಾತ್ರೆಯ ಸಿಡಿಮದ್ದು ಗರ್ನಾಲಿನ ಹಾಗೆ ಇರಬೇಕು. ದೇವರ ಉತ್ಸವ ಬಲಿ ಹೊರಟ ಮೇಲೆ ಇಂಥ ಹೊತ್ತಿಗೆ ಎಂದು ಗೊತ್ತಿರಬೇಕು. ಎದೆ ಝಲ್ಲೆನ್ನಬೇಕು. ಆದರೆ ಪಂಚೆಗೆ ಕಿಡಿ ಹಾರಬಾರದು. ತೀರಾ ಆರಿದ್ದು ಬೇಡ, ಅದು ಬರೀ ಗುಡ್ಡ. ತೀರಾ ಉರಿಯುವುದೂ ಬೇಡ. ನಾವು ಅಲ್ಲಿದ್ದ ಐದು ದಿನ ಮಾತ್ರ ಸ್ವಲ್ಪ ಹೊಗೆಯಾಡುತ್ತಿರಲಿ, ಫೋಟೋಕ್ಕೆ.

ಗಮ್ಮತ್ತೆಂದರೆ ಇಂಥ ದೊಡ್ಡ ದೊಡ್ಡವರ ಪುರುಸೊತ್ತು ನೋಡಿ ನಡೆಯುವುದು ಈ ಊರಿಗೆ ಹೊಸತಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಮಲ್ಪೆ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಯಾರೂ ಕಡಲಿನ ಹತ್ತಿರ, ನನಗೆ ಸೋಮವಾರ ಒಂದು ಮೀಟಿಂಗ್ ಉಂಟು, ಸ್ವಲ್ಪ ತಗ್ಗು ಎನ್ನುವುದಿಲ್ಲ. ಅದೇ ಮಲ್ಪೆಯಿಂದ ಪ್ರವಾಸಿಗಳನ್ನು ದ್ವೀಪಕ್ಕೆ ಕರೆದೊಯ್ಯುವ ಬೋಟುಗಳೂ ಮಳೆಗಾಲ ಪೂರ್ತಿ ನಿಲ್ಲುತ್ತವೆ.

ಹೌದು, ಆ ದ್ವೀಪದ ಮಾತು ಇಷ್ಟು ಹೊತ್ತು ಬಂದೇ ಇಲ್ಲ. ನಮ್ಮಲ್ಲಿ ಬರುವುದೂ ಇಲ್ಲ. ಮನೆಯಿಂದ ಮಲ್ಪೆಗೆ ಆರೇಳು ಕಿಲೋಮೀಟರ್, ಅಲ್ಲಿಂದ ಕಡಲಲ್ಲಿ ಮತ್ತೊಂದು ಆರು. ಬೋರ್ಡಿನಲ್ಲಿ ಸೈಂಟ್ ಮೇರೀಸ್, ಹಳಬರ ಬಾಯಲ್ಲಿ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮಾ ಇಳಿದು ಮೇರಿಯಮ್ಮನ ಹೆಸರಿಟ್ಟ ಎನ್ನುತ್ತಾರೆ. ಅವನು ಎಕ್ಸೆಲ್ ಶೀಟ್ ಇಲ್ಲದೆ ಹೊರಟವನು. ಅಲ್ಲಿ ನಿಂತಿರುವ ಕಲ್ಲು ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದಿನ ಲಾವಾ. ಆಗ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ಬಿಟ್ಟು ಹೋಗುವ ಹೊತ್ತಿನಲ್ಲಿ ಭೂಮಿ ಬಿರುಕು ಬಿಟ್ಟು ಉಕ್ಕಿದ ರಸ ಅದು. ಪಾಲಾಗುವಾಗ ಮನೆಯಲ್ಲಿ ಸ್ವಲ್ಪ ಬೆಂಕಿ ಏಳುವುದು ಎಲ್ಲ ಕಡೆ ಇದ್ದದ್ದೇ. ಕರಾವಳಿಗೆ ಪರಶುರಾಮ ಕೊಡಲಿ ಎಸೆದದ್ದು ಆಮೇಲಿನ ಕತೆಯಾಗಿರಬೇಕು.

ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಕೊಯ್ಲು ಮುಗಿದು ನೀರಾರಿದ ಬೈಲುಗದ್ದೆಯ ಕೆಸರು ಬಿರಿಯುವ ಹಾಗೆಯೇ. ಗದ್ದೆಯಲ್ಲಿ ಬಿರುಕು ಒಂದು ಗೇಣು ಇಳಿಯುತ್ತದೆ, ಇಲ್ಲಿ ಇಳಿಯುತ್ತಲೇ ಹೋಗಿ ಕಲ್ಲೆಲ್ಲ ಕಂಬ ಕಂಬವಾಗಿದೆ. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಂಬಗಳು, ಸೌದೆ ಕೊಟ್ಟಿಗೆಯಲ್ಲಿ ಒತ್ತಾಗಿ ನಿಲ್ಲಿಸಿಟ್ಟ ಕೊರಡುಗಳ ಹಾಗೆ. ದೇಶದ ಭೂವಿಜ್ಞಾನ ಸರ್ವೇಕ್ಷಣೆಯವರು ಇದನ್ನು ಸ್ಮಾರಕ ಎಂದು ಸಾರಿದ್ದಾರೆ. ನಾನು ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಹೊರಗಿನ ನೆಂಟರಿಗೆ ತೋರಿಸಲಿಕ್ಕೆ. ಮೂರು ಸಲವೂ ಕಲ್ಲಿನ ಮೇಲೆ ಕೂತು, ಹೊಟೇಲಿಗೆ ಹೋಗುವುದಾ ಮನೆಯಲ್ಲೇ ಏನಾದರೂ ಮಾಡುವುದಾ ಎಂದು ಯೋಚಿಸಿದ್ದೇನೆ.

"ನೀವೆಷ್ಟು ಸಲ ಹೋಗಿದ್ದೀರಿ ಅತ್ತೆ?" ಎಂದು ಒಂದು ದಿನ ಕೇಳಿದೆ.

"ನಾನಾ? ತೋನ್ಸೆಪಾರಿಗೆ? ಹೋಗ್ಲೇ ಇಲ್ಲ."

"ಯಾಕೆ?"

"ಪುರುಸೊತ್ತು ಎಲ್ಲಿತ್ತು?"

ಎಪ್ಪತ್ತೆಂಟು ವರ್ಷ. ಮಗಳು ದೀಪಾವಳಿ ಕಳೆದು ಊರಿಗೆ ಬಂದ ಒಂದು ಭಾನುವಾರ ಅಜ್ಜಿಯನ್ನು ಹೊರಡಿಸಿಯೇ ಬಿಟ್ಟಳು. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಸಜ್ಜಿಗೆ ಬಜಿಲ್ ಮಾಡಿ ಡಬ್ಬಿಗೆ ತುಂಬಿದ್ದರು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ದೊಡ್ಡ ಬೋಟಿನಿಂದ ನಡುವೆ ಸಣ್ಣ ದೋಣಿಗೆ ಇಳಿಯಬೇಕು, ಜಾಗ್ರತೆ ಎಂದು ಇವರು ದಾರಿಯುದ್ದ ಹೇಳಿದರು. ಮಲ್ಪೆ ಮುಟ್ಟಿದರೆ ಕೆಂಪು ಬಾವುಟ. "ಇವತ್ತು ಬೋಟು ಇಲ್ಲಮ್ಮ, ಗಾಳಿ ಜೋರುಂಟು" ಎಂದ ಟಿಕೆಟಿನ ಹುಡುಗ.

ಮರಳಿನ ಮೇಲೆ ಬೆಡ್‌ಶೀಟ್ ಹಾಸಿ ಡಬ್ಬಿ ಬಿಚ್ಚಿದೆವು. ದೂರದಲ್ಲಿ ತೆಂಗಿನ ಮರಗಳ ಒಂದು ಗೆರೆ ಕಾಣುತ್ತಿತ್ತು. ಅತ್ತೆ ತಿನ್ನುವುದು ಬಿಟ್ಟು ಅದನ್ನೇ ನೋಡುತ್ತಿದ್ದರು. ಆಮೇಲೆ ಮಗಳನ್ನು ಕೇಳಿದರು.

"ಆ ಬಾಲಿಗೆ ಹೋಗುವಾಗಲೂ ನಡುವಲ್ಲಿ ಸಣ್ಣ ದೋಣಿಗೆ ಇಳೀಲಿಕ್ಕೆ ಉಂಟಾ?"

"ಇಲ್ಲಜ್ಜಿ, ವಿಮಾನವೇ, ಸೀದಾ."

"ಹಾಂ."

"ಆದ್ರೆ ಅಜ್ಜಿ, ಜುಲೈ ಅಂದ್ರೆ ಆಟಿ ಅಲ್ವಾ?"

"ಆಟಿ ಇಲ್ಲಿಗಲ್ವಾ? ಅಲ್ಲಿಗೆಂತ ಆಟಿ" ಎಂದು ಅತ್ತೆ ಬಜಿಲ್ ಇನ್ನೊಂದು ಸೌಟು ಬಡಿಸಿದರು.

ರಾತ್ರಿ ಮಗಳು ಶೀಟಿಗೆ ಹೊಸ ಸಾಲು ಸೇರಿಸಿದಳು. ಅಜ್ಜಿ. ಪಾಸ್‌ಪೋರ್ಟ್: ಇಲ್ಲ. ಗಂಟು ನೋವು: ಉಂಟು. ಪುರುಸೊತ್ತು: ಉಂಟು.