ದನ ಕಾಯುವ ಕೆಲಸವೂ ರೋಡಿಯೊ ಆಟವೂ

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಮಗ್ಗಿ ತಪ್ಪಿದ ಹುಡುಗರಿಗೆ “ದನಾ ಕಾಯಾಕ ಹೋಗಲೇ” ಎಂದು ಅದೆಷ್ಟು ಸಲ ಬೈದಿದ್ದೇನೋ! ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಫೋರ್ಟ್ ವರ್ತ್ ಊರಿನ ಸ್ಟಾಕ್‌ಯಾರ್ಡ್ಸ್ ಎಂಬ ಹಳೆಯ ದನದ ಸಂತೆಯ ಬೀದಿಯಲ್ಲಿ ಜನ ದನ ಕಾಯುವವನ ಟೊಪ್ಪಿಗೆ, ಬೂಟು, ಬೆಲ್ಟನ್ನು ದುಡ್ಡು ಕೊಟ್ಟು ಕೊಂಡು, ಅವನಂತೆ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಕಂಡು ಆ ಬೈಗುಳ ನೆನಪಾಗಿ ನನಗೇ ಮುಜುಗರವಾಯಿತು.

ಅಲ್ಲಿ ದಿನಕ್ಕೆರಡು ಬಾರಿ, ಬೆಳಗ್ಗೆ 11.30ಕ್ಕೆ ಮತ್ತು ಸಂಜೆ 4ಕ್ಕೆ, ಚಾಚಿದ ಕೊಂಬಿನ ಲಾಂಗ್‌ಹಾರ್ನ್ ದನಗಳನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋಗುತ್ತಾರೆ. 1999ರಲ್ಲಿ ಪ್ರವಾಸಿಗರಿಗಾಗಿ ಆರಂಭಿಸಿದ ಪ್ರದರ್ಶನವಿದು. ನೋಡಬೇಕು, ನಿಜ; ಆದರೆ ಬಹಳ ಮಂದಿ ಅದನ್ನಷ್ಟೇ ನೋಡಿ, ಒಂದು ಟೊಪ್ಪಿಗೆ ಕೊಂಡು ಹಿಂದಿರುಗುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಕೌಬಾಯ್ ಎಂಬುದು ವೇಷವಾಗುವುದಕ್ಕೆ ಮೊದಲು ಕೂಲಿಯಾಗಿತ್ತು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಸ್‌ನಲ್ಲಿ ದನಗಳು ಬೇಕಾದಷ್ಟಿದ್ದವು, ಕೊಳ್ಳುವವರಿರಲಿಲ್ಲ. ಉತ್ತರದ ಪಟ್ಟಣಗಳಲ್ಲಿ ಮಾಂಸಕ್ಕೆ ಒಳ್ಳೆಯ ಬೆಲೆಯಿತ್ತು. 1867ರಲ್ಲಿ ಕಾನ್ಸಾಸ್‌ನ ಆಬಿಲೀನ್ ರೈಲು ನಿಲ್ದಾಣದ ಬಳಿ ದನಗಳ ದೊಡ್ಡಿಗಳು ಎದ್ದ ಮೇಲೆ, ನೂರಾರು ಮೈಲಿ ದೂರದ ಆ ಊರಿಗೆ ದನಗಳನ್ನು ಕಾಲುನಡಿಗೆಯಲ್ಲಿ ಹೊಡೆದುಕೊಂಡು ಹೋಗುವುದೇ ಒಂದು ಉದ್ಯೋಗವಾಯಿತು. ಮುಳ್ಳುತಂತಿಯ ಬೇಲಿ ಬಂತು, ರೈಲು ಟೆಕ್ಸಸ್‌ಗೇ ಬಂತು; ಸುಮಾರು ಇಪ್ಪತ್ತು ವರ್ಷಗಳಲ್ಲಿ ಆ ಕಾಲ ಮುಗಿದೂ ಹೋಯಿತು.

ಆ ಕೆಲಸ ಕಲಿಸಿದವರು ಯಾರೆಂಬುದನ್ನು ಅವರ ಮಾತೇ ಹೇಳುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ವಾಕಾ’ ಎಂದರೆ ಹಸು, ‘ವಾಕೆರೊ’ ಎಂದರೆ ದನಗಾಹಿ. ಬಯಲಿನಲ್ಲಿ ಚದುರಿದ ದನಗಳನ್ನು ಸುತ್ತುವರಿದು ಒಟ್ಟುಗೂಡಿಸುವುದೇ ‘ರೋಡಿಯೊ’; ದನಗಾಹಿಗಳ ಪಂದ್ಯಕ್ಕೂ ಮುಂದೆ ಅದೇ ಹೆಸರಾಯಿತು. ಹಗ್ಗದ ಕುಣಿಕೆಗೆ ಹೇಳುವ ‘ಲ್ಯಾರಿಯಟ್’ ಎಂಬ ಹೆಸರೂ ಮೆಕ್ಸಿಕೊದ ವಾಕೆರೊಗಳಿಂದ ಬಂದದ್ದು. ದನ ಹೊಡೆದುಕೊಂಡು ಹೋದವರಲ್ಲಿ ಕಾಲುಭಾಗದಷ್ಟು ಮಂದಿ ಕಪ್ಪುಜನರಿದ್ದರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಸ್ಟಾಕ್‌ಯಾರ್ಡ್ಸ್‌ನಲ್ಲಿಯೇ ಬಿಲ್ ಪಿಕೆಟ್ ಅವರ ಪ್ರತಿಮೆಯಿದೆ. 1870ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಈ ಕಪ್ಪು ಕೌಬಾಯ್, ಓಡುವ ಕುದುರೆಯಿಂದ ಹೋರಿಯ ಮೇಲೆ ಹಾರಿ, ಕೊಂಬು ತಿರುವಿ, ಅದರ ತುಟಿಯನ್ನು ಹಲ್ಲಿನಿಂದ ಕಚ್ಚಿ ಕೆಡವುತ್ತಿದ್ದರು. ಇಂದಿನ ಸ್ಟಿಯರ್ ರೆಸ್ಲಿಂಗ್ ಸ್ಪರ್ಧೆ ಹುಟ್ಟಿದ್ದು ಅದರಿಂದಲೇ. ನಾನಿದ್ದ ಅರ್ಧ ಗಂಟೆಯಲ್ಲಿ ಆ ಪ್ರತಿಮೆಯ ಕೆಳಗಿನ ಬರಹವನ್ನು ಓದಿದವರನ್ನು ನಾನಂತೂ ಕಾಣಲಿಲ್ಲ.

ಸಂಜೆ ರೋಡಿಯೊ ನಡೆದದ್ದು 1908ರಲ್ಲಿ ಕಟ್ಟಿದ ಕೌಟೌನ್ ಕೊಲೀಸಿಯಂನಲ್ಲಿ. ಕರುವಿಗೆ ಹಗ್ಗ ಬೀಸುವ ಸ್ಪರ್ಧೆ ಬಂದಾಗ ನನ್ನ ಮಗಳು ಮುಖ ತಿರುಗಿಸಿಕೊಂಡಳು. ಓಡುವ ಕರುವಿನ ಕೊರಳಿಗೆ ಕುಣಿಕೆ ಬಿದ್ದ ಕೂಡಲೇ ಸವಾರ ಕೆಳಗೆ ಹಾರುತ್ತಾನೆ. ಕುದುರೆ ತಾನಾಗಿಯೇ ಹಿಂದಕ್ಕೆ ಸರಿದು ಹಗ್ಗವನ್ನು ಬಿಗಿಯಾಗಿ ಹಿಡಿಯುತ್ತದೆ. ಅವನು ಕರುವನ್ನು ಕೆಡವಿ, ಬಾಯಲ್ಲಿ ಕಚ್ಚಿಕೊಂಡಿದ್ದ ದಾರದಿಂದ ಮೂರು ಕಾಲುಗಳನ್ನು ಕಟ್ಟಿ, ಕೈಯೆತ್ತುತ್ತಾನೆ. ನನಗೆ ಅದು ಅಪರಿಚಿತವೆನಿಸಲಿಲ್ಲ. ಜಮಖಂಡಿ ಕಡೆಯ ನಮ್ಮೂರಿನಲ್ಲಿ ಎತ್ತಿಗೆ ಲಾಳ ಕಟ್ಟುವಾಗ ಹೀಗೆಯೇ ಹಗ್ಗ ಹಾಕಿ ಕೆಡವಿ, ಕಾಲು ಬಿಗಿಯುತ್ತಿದ್ದರು. ಬಯಲಿನಲ್ಲಿ ಗಾಯಕ್ಕೆ ಔಷಧಿ ಹಚ್ಚಲು, ಮೈಗೆ ಗುರುತಿನ ಬರೆ ಹಾಕಲು ಅವರಿಗೂ ಇದು ಬೇಕಿತ್ತು. ಆದರೆ ಲಾಳ ಕಟ್ಟುವವನ ಕೈಯಲ್ಲಿ ಗಡಿಯಾರವಿರಲಿಲ್ಲ. ಸೆಕೆಂಡು ಉಳಿಸಲೆಂದು ಪ್ರಾಣಿಯನ್ನು ಜಗ್ಗುವ ಆ ಕ್ಷಣವನ್ನು ನಾನು ಸಮರ್ಥಿಸಲಾರೆ. ಲಂಡನ್ನಿನ ವೆಂಬ್ಲಿಯಲ್ಲಿ 1924ರಲ್ಲಿ ರೋಡಿಯೊ ನಡೆದಾಗಲೇ ಜನ ಪ್ರತಿಭಟಿಸಿದ್ದರು. ಅದಾಗಿ ಹತ್ತು ವರ್ಷಕ್ಕೆ, 1934ರಲ್ಲಿ, ಬ್ರಿಟನ್ನು ಇಂಥ ಆಟಗಳಿಗೆ ಕಾನೂನಿನ ತಡೆ ಹಾಕಿತು.

ವಿಚಿತ್ರವೆಂದರೆ, ಇಡೀ ಸಭಾಂಗಣ ಎದ್ದುನಿಂತು ಕೂಗುವ ಹೋರಿ ಸವಾರಿಗೂ ದನ ಕಾಯುವ ಕೆಲಸಕ್ಕೂ ಸಂಬಂಧವೇ ಇಲ್ಲ. ಹೋರಿಯ ಬೆನ್ನೇರುವ ಅಗತ್ಯ ಯಾವ ದನಗಾಹಿಗೂ ಬಂದಿರಲಾರದು. ಒಂದೇ ಕೈಯಿಂದ ಹಗ್ಗ ಹಿಡಿದು ಎಂಟು ಸೆಕೆಂಡು ಕೂತಿರಬೇಕು, ಇನ್ನೊಂದು ಕೈ ಎಲ್ಲಿಯೂ ತಾಗಬಾರದು. ನೂರು ಅಂಕಗಳಲ್ಲಿ ಅರ್ಧ ಸವಾರನಿಗಾದರೆ ಅರ್ಧ ಹೋರಿಗೆ. ಹೋರಿಗೂ ಅಂಕ ಕೊಡುವ ಈ ನ್ಯಾಯ ಮೇಷ್ಟ್ರಾದ ನನಗೆ ಬಹಳ ಹಿಡಿಸಿತು.

ಅಂದು ಬಂದ ಹೋರಿಗಳಲ್ಲಿ ಒಂದನ್ನು ನೋಡಿ ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದೆ. ಬೆನ್ನಿನ ಮೇಲೆ ಹಿಣಿಲು, ಕೊರಳ ಕೆಳಗೆ ಜೋತುಬಿದ್ದ ಗಂಗೆದೊಗಲು: ನಮ್ಮ ಕಡೆಯ ಹೋರಿಯದೇ ಮೈಕಟ್ಟು. ಟೆಕ್ಸಸ್‌ನ ಬಿಸಿಲನ್ನೂ ಉಣ್ಣಿಹುಳುಗಳ ಕಾಟವನ್ನೂ ಯುರೋಪಿನ ದನಗಳು ತಾಳಲಾರದೆ ಹೋದಾಗ ಅಲ್ಲಿನವರು ಭಾರತದ ತಳಿಗಳನ್ನು ತರಿಸಿಕೊಂಡರು. 1854ರಲ್ಲಿಯೇ ಲೂಸಿಯಾನದ ತೋಟದ ಮಾಲೀಕರೊಬ್ಬರಿಗೆ ಬ್ರಿಟಿಷ್ ಸರ್ಕಾರ ಇಲ್ಲಿನ ಎರಡು ಹೋರಿಗಳನ್ನು ಕೊಟ್ಟಿತ್ತು. ಹಾಗೆ ಹೋದ ಗಿರ್, ಗುಜೆರಾತ್, ನೆಲ್ಲೂರು ತಳಿಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಬೆರೆತು ಹುಟ್ಟಿದ್ದೇ ಅಮೆರಿಕದ ‘ಬ್ರಾಹ್ಮನ್’ ತಳಿ. ಅದರ ಸಾಕಣೆದಾರರ ಸಂಘವನ್ನು 1924ರಲ್ಲಿ ಸ್ಥಾಪಿಸಿದರು. ರೋಡಿಯೊದ ಎಷ್ಟೋ ಹೋರಿಗಳ ಮೈಯಲ್ಲಿ ಈ ರಕ್ತವಿದೆ. ಎರೆಭೂಮಿಯ ಉಳುಮೆಗೆಂದು ಬೆಳೆಸಿದ ಮೂಲ ತಳಿಯ ಜೋಡಿಯೊಂದನ್ನು ಇಂದು ನಮ್ಮ ಹೊಳೆದಂಡೆಯ ಊರುಗಳಲ್ಲಿ ಹುಡುಕಬೇಕು. ಟ್ರಾಕ್ಟರು ಬಂದ ಮೇಲೆ ನಮ್ಮ ಮನೆಯ ಗೋದಲಿಯೂ ಖಾಲಿಯಾಯಿತು.

ಆಟ ಮುಗಿದ ಮೇಲೆ ಹಿಂಬದಿಯ ದೊಡ್ಡಿಯ ಹತ್ತಿರ ಹೋದೆ. ನೀವು ಹೋದರೂ ತಪ್ಪದೆ ಅಲ್ಲಿಗೆ ಹೋಗಿ. ಸವಾರನನ್ನು ಮೂರೇ ಸೆಕೆಂಡಿಗೆ ಮಣ್ಣಿಗೆಸೆದ ಅದೇ ಹೋರಿ ಹುಲ್ಲು ಮೇಯುತ್ತಾ ನಿಂತಿತ್ತು. ಇದರ ಹಿರೀಕರು ನಮ್ಮ ಹೊಳೆಯ ದಂಡೆಯವರಿರಬಹುದೆಂದು, ಮಗಳ ನೆರವಿನಿಂದ, ಅದನ್ನು ನೋಡಿಕೊಳ್ಳುತ್ತಿದ್ದ ಮುದುಕನಿಗೆ ಹೇಳಿದೆ. ಆತ ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಹಾಗಾದರೆ ನಿಮ್ಮಲ್ಲಿ ಇವನ್ನು ಹೇಗೆ ಸವಾರಿ ಮಾಡುತ್ತೀರಿ ಎಂದು ಕೇಳಿದ. ಸವಾರಿ ಮಾಡುವುದಿಲ್ಲ, ನೊಗ ಹೊರಿಸುತ್ತೇವೆ ಎಂದೆ. ಆತ ಹೋರಿಯನ್ನೊಮ್ಮೆ ದಿಟ್ಟಿಸಿ, ಇವನ ಮೇಲೆ ನೊಗ ಇಡುವವನನ್ನು ನಾನು ನೋಡಬೇಕು ಎಂದು ಗಟ್ಟಿಯಾಗಿ ನಕ್ಕ.